ಹದಿಮೂರು ನಿಯಮಗಳ ಮೇಡಂ

ಹಾಲೆಂಡಿನ ಲೈಡನ್ ಊರಿನ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯೊಂದರ ಮುಂದೆ ಪಾದರಕ್ಷೆ ಕಳಚಿ ನಿಂತವರು ನಮ್ಮ ಮೇಡಂ ಒಬ್ಬರೇ ಇರಬೇಕು. ಪಾದರಕ್ಷೆ ಎಂದರೆ ಹತ್ತಿ ಸೀರೆಯ ಕೆಳಗೆ ಅವರು ಹಾಕಿಕೊಳ್ಳುತ್ತಿದ್ದ ಬಿಳಿಯ ಸ್ಪೋರ್ಟ್ಸ್ ಶೂ. ಅದರ ಲೇಸು ಬಿಚ್ಚಲು ಎರಡು ನಿಮಿಷ, ಮತ್ತೆ ಕಟ್ಟಲು ನಾಲ್ಕು ನಿಮಿಷ. ಕಾವಲಿನವನು ಹತ್ತಿರ ಬಂದು ಬಹಳ ವಿನಯದಿಂದ, "ಮೇವ್ರೌ, ಕಾಲು ನೋಯ್ತಿದೆಯಾ? ಕುರ್ಚಿ ತರಲಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ; ಮೇವ್ರೌ ಅಂದರೆ ಡಚ್ಚಿನಲ್ಲಿ ಅಮ್ಮಾವ್ರೇ ಎಂದ ಹಾಗೆ. ಮೇಡಂ ಅವನಿಗಿಂತ ಹೆಚ್ಚು ವಿನಯದಿಂದ, "ಬೇಡಪ್ಪ, ನಮಸ್ಕಾರ ಮಾಡ್ತಿದೀನಿ, ಒಂದ್ನಿಮಿಷ" ಎಂದು ಕನ್ನಡದಲ್ಲೇ ಹೇಳಿದರು. ಅವನಿಗೆ ಏನು ಅರ್ಥವಾಯಿತೋ, ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತ. ನಾನು ಮಾತ್ರ ಇಬ್ಬರೂ ಯಾರೋ ಗೊತ್ತಿಲ್ಲದವನಂತೆ ಬೇರೆ ಪೆಟ್ಟಿಗೆಯ ಕಡೆ ಮುಖ ತಿರುಗಿಸಿಕೊಂಡೆ.

ಪೆಟ್ಟಿಗೆಯೊಳಗೆ ಇದ್ದದ್ದು ಅಂಗೈಗಿಂತ ಸ್ವಲ್ಪ ಉದ್ದನೆಯ, ಹಸಿರು ಕಲ್ಲಿನ ತೆಳು ಫಲಕ. ಮಧ್ಯ ಅಮೆರಿಕದ ಮಾಯಾ ಜನ ಸಾವಿರದ ಆರುನೂರು ಚಿಲ್ಲರೆ ವರ್ಷಗಳ ಹಿಂದೆ ಕೊರೆದದ್ದು. ಗ್ವಾಟೆಮಾಲದಲ್ಲಿ ಕಾಲುವೆ ತೋಡುವಾಗ ಡಚ್ಚನೊಬ್ಬನ ಕೈಗೆ ಸಿಕ್ಕಿತಂತೆ. ಈ ಜನ ಎಲ್ಲಿಗೆ ಹೋದರೂ ಕಾಲುವೆ ತೋಡದೆ ಬಿಡುವವರಲ್ಲ. ಫಲಕದ ಒಂದು ಬದಿಗೆ ಸೆರೆಯಾಳನ್ನು ಕಾಲಡಿ ಹಾಕಿಕೊಂಡು ನಿಂತ ರಾಜ, ಇನ್ನೊಂದು ಬದಿಗೆ ಅವನು ಪಟ್ಟಕ್ಕೆ ಬಂದ ತಾರೀಖು. ಮೇಡಂ ರಾಜನ ಕಡೆ ಕಣ್ಣು ಹಾಕುತ್ತಿರಲಿಲ್ಲ.

"ರಾಜಂದು ಬಿಡು, ಎಲ್ಲಾ ರಾಜರೂ ಯಾರನ್ನೋ ತುಳ್ಕೊಂಡೇ ನಿಂತಿರ್ತಾರೆ. ಆ ತಾರೀಖು ಕೊರೆದೋನನ್ನ ನೋಡು ಸಲೀಂ. ಅಂಕಿ ಬರೆಯೋಕೆ ಐದು ಮನೆ ಬಿಟ್ಟಿದಾನೆ. ಸಾವಿರಾರು ವರ್ಷಕ್ಕೆ ಸಾಕು. ನಾವು ಎರಡೇ ಎರಡು ಮನೆ ಬಿಟ್ವಿ, ಮೂವತ್ತು ವರ್ಷಕ್ಕೆ ಮುಗ್ದುಹೋಯ್ತು."

ನಾವು ಎಂದರೆ ಕಂಪ್ಯೂಟರಿನವರು. ಹಳೆಯ ಪ್ರೋಗ್ರಾಮುಗಳಲ್ಲಿ ವರ್ಷವನ್ನು ಕೊನೆಯ ಎರಡೇ ಅಂಕಿಗಳಲ್ಲಿ ಬರೆದಿಟ್ಟಿದ್ದರಿಂದ, ಎರಡು ಸಾವಿರನೇ ಇಸವಿ ಬಂದಾಗ ಯಂತ್ರಗಳು ಅದನ್ನು ಸಾವಿರದ ಒಂಬೈನೂರು ಎಂದು ತಿಳಿದು ಕೈಕೊಡುತ್ತವೆ ಎಂಬ ಭಯದ ಕಾಲ ಅದು. ಆ ಭಯವೇ ನಮ್ಮನ್ನು ಹಾಲೆಂಡಿಗೆ ಕರೆತಂದಿತ್ತು. ಜೂಟರ್‌ಮೀರಿನ ಒಂದು ಆಫೀಸಿನ ಮೂರನೇ ಮಹಡಿಯಲ್ಲಿ ಬೆಂಗಳೂರು, ಮೈಸೂರು ಕಡೆಯ ಇಪ್ಪತ್ತು ಮಂದಿ ಕೂತು, ಲಕ್ಷಾಂತರ ಸಾಲುಗಳಲ್ಲಿ ಎರಡು ಅಂಕಿಗಳನ್ನು ನಾಲ್ಕು ಮಾಡುತ್ತಿದ್ದೆವು. ನಾವೆಲ್ಲ ಇಪ್ಪತ್ತೈದು, ಇಪ್ಪತ್ತೇಳರವರು. ಮೇಡಂ ಒಬ್ಬರಿಗೇ ಐವತ್ತೈದು ದಾಟಿತ್ತು. ಬೆಂಗಳೂರಿನ ಸರ್ಕಾರಿ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ಸ್ವಯಂ ನಿವೃತ್ತಿ ತೆಗೆದುಕೊಂಡು ಬಂದವರು. "ಆ ಎರಡು ಮನೆ ಉಳಿಸಿದೋಳು ನಾನೇ ಕಣ್ರೋ. ಜಾಗ ಉಳಿಸಿದ್ದಕ್ಕೆ ಆಗ ಶಭಾಷ್ ಅಂದ್ರು. ಈಗ ಅದನ್ನ ಮತ್ತೆ ಕಟ್ಟೋದಕ್ಕೆ ವಿಮಾನದಲ್ಲಿ ಕರ್ಕೊಂಡು ಬಂದಿದಾರೆ" ಎಂದು ಅವರೇ ಹೇಳಿ ನಗುತ್ತಿದ್ದರು. ಹೋದ ತಿಂಗಳು ಮೈಸೂರಿನಲ್ಲಿ ತೀರಿಕೊಂಡರು. ಸುದ್ದಿ ಕೇಳಿದ ದಿನದಿಂದ ಅವರ ಶೂ ಲೇಸು ಕಣ್ಣ ಮುಂದೆ ಬರುತ್ತಿದೆ. ಹೆಸರು ಬರೆಯುವುದು ಬೇಡ. ಯಾರನ್ನೂ ಕೇಳದೆ ಬರೆಯಲು ಕೂತಿದ್ದೇನೆ, ಅಷ್ಟು ಮರ್ಯಾದೆಯಾದರೂ ಇರಲಿ.

ತಾರೀಖಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಆ ಹೆಂಗಸಿಗೆ ತಮ್ಮದೇ ಒಂದು ತಾರೀಖಿನ ತೊಡಕಿತ್ತು ಎಂದು ನಮಗೆ ಬಹಳ ದಿನ ಗೊತ್ತಿರಲಿಲ್ಲ. ಊರಿಗೆ ಬಂದ ಹೊಸದರಲ್ಲಿ ಹೆಮೆಂಟೆಗೆ, ಅಂದರೆ ಇಲ್ಲಿನ ಪುರಸಭೆಗೆ, ಹೋಗಿ ಹೆಸರು ನೋಂದಾಯಿಸಬೇಕಾಗಿತ್ತು. ಮೇಡಂ ಜೊತೆ ನಾನೂ ಸಾಲಿನಲ್ಲಿದ್ದೆ. ಕೌಂಟರಿನ ಹುಡುಗಿ ಅವರ ಹತ್ತನೇ ತರಗತಿಯ ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದು ಶಾಲೆಯ ಕಾಗದ. ನೀವು ಹುಟ್ಟಿದ್ದಕ್ಕೆ ಕಾಗದ ಎಲ್ಲಿ?"

"ಹುಟ್ಟದೇ ಇರೋರನ್ನ ನಮ್ಮ ಶಾಲೇಲಿ ಸೇರಿಸ್ಕೊಳಲ್ಲಮ್ಮ" ಎಂದರು ಮೇಡಂ, ಈ ಸಲ ಇಂಗ್ಲಿಷಿನಲ್ಲಿ.

ಹುಡುಗಿ ನಗಲಿಲ್ಲ. ಮೂರು ಸಲ ಅಲೆದಾಡಿ, ಬೆಂಗಳೂರಿನಿಂದ ಅಫಿಡವಿಟ್ ತರಿಸಿ, ಅದಕ್ಕೆ ಮುದ್ರೆ ಹಾಕಿಸಿದ ಮೇಲೆ ಆ ತಾರೀಖು ಡಚ್ ಸರ್ಕಾರದ ಕಡತಕ್ಕೆ ಏರಿತು. "ಅಂತೂ ಆಯ್ತಲ್ಲ ಮೇಡಂ, ಇನ್ನು ನೀವು ಇಲ್ಲೂ ಹುಟ್ಟಿದ ಹಾಗಾಯ್ತು" ಎಂದು ನಾನು ತಮಾಷೆ ಮಾಡಿದೆ. ಅವರು ಸಿಡುಕಿ, "ಬಾಯ್ಮುಚ್ಕೊಂಡು ನಡಿ" ಎಂದರು. ನನಗೆ ಬೇಜಾರಾಯಿತು. ಕಾರಣ ತಿಳಿಯಲಿಲ್ಲ.

ಮತ್ತೊಮ್ಮೆ ನಮ್ಮ ತಂಡದ ಮುಖ್ಯಸ್ಥ ಯಾನ್ ಎಲ್ಲರನ್ನೂ ಮನೆಗೆ ಕರೆದಿದ್ದ. ಮೇಡಂ ಶೌಚಾಲಯಕ್ಕೆ ಹೋದವರು ನೋಡಬಾರದ್ದು ನೋಡಿದ ಮುಖ ಹೊತ್ತು ಹೊರಬಂದರು. "ಸಲೀಂ, ಇವ್ರು ಕ್ಯಾಲೆಂಡರನ್ನ ಎಲ್ಲಿ ನೇತುಹಾಕಿದಾರೆ ಗೊತ್ತೇನೋ?" ಡಚ್ಚರ ಮನೆಗಳಲ್ಲಿ ಹಾಗೆಯೇ. ನೆಂಟರಿಷ್ಟರ ಹುಟ್ಟುಹಬ್ಬ ಬರೆದಿಡುವ ಕ್ಯಾಲೆಂಡರು ಶೌಚಾಲಯದ ಗೋಡೆಯ ಮೇಲೆ. ಅದಕ್ಕೆ ವಾರವೂ ಇಲ್ಲ, ವರ್ಷವೂ ಇಲ್ಲ. "ದಿನಾ ತಪ್ಪದೆ ನೋಡೋ ಜಾಗ ಅದೊಂದೇ" ಎಂದು ಯಾನ್ ವಿವರಿಸಿ, ಪೆನ್ನು ತೆಗೆದು, "ನಿಮ್ಮದು ಯಾವತ್ತು? ಈಗಲೇ ಬರೀತೀನಿ" ಎಂದ. ಮೇಡಂ, "ನನಗೆ ಹುಟ್ಟುಹಬ್ಬ ಇಲ್ಲ" ಎಂದರು. ಯಾನ್ ಅದು ಹಿಂದೂ ಧರ್ಮದ ಯಾವುದೋ ವ್ರತವೆಂದು ಭಾವಿಸಿ ಎದೆಯ ಮೇಲೆ ಕೈಯಿಟ್ಟು ಕ್ಷಮೆ ಕೇಳಿದ. ಮುಂದಿನ ವಾರ ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು ಬಂದಾಗ ಮೇಡಂ ಮೇಜಿನ ಹತ್ತಿರ ಅದನ್ನು ತರಲೇ ಬಾರದೆಂದು ಎಲ್ಲರಿಗೂ ತಾಕೀತು ಮಾಡಿದ್ದ. ಕೇಕು ಅಂದರೆ ಪ್ರಾಣ ಬಿಡುತ್ತಿದ್ದ ಮೇಡಂ ತುಂಬಾ ದಿನ ಆ ಗೌರವವನ್ನು ಅನುಭವಿಸಬೇಕಾಯಿತು.

ಅವರ ಮಾಯಾ ಹುಚ್ಚು ಹತ್ತಿಕೊಂಡದ್ದು ಆ ಹಸಿರು ಫಲಕದಿಂದ. ಪುಸ್ತಕ ತರಿಸಿದರು, ಓದಿದರು. ಮಾಯಾ ಪಂಚಾಂಗದಲ್ಲಿ ಇಪ್ಪತ್ತು ದಿನಗಳ ಹೆಸರು, ಅದಕ್ಕೆ ಹದಿಮೂರು ಅಂಕಿ. ಎರಡೂ ಹಲ್ಲುಚಕ್ರಗಳಂತೆ ಕೂಡಿ ತಿರುಗಿ ಇನ್ನೂರರವತ್ತು ದಿನಕ್ಕೊಮ್ಮೆ ಮೊದಲಿಗೆ ಬರುತ್ತವೆ. ಮೇಡಂ ಊಟದ ಬಿಡುವಿನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದು ಆಫೀಸಿನವರೆಲ್ಲರ ಮಾಯಾ ಜನ್ಮದಿನ ತೆಗೆದುಕೊಟ್ಟರು. ನನ್ನದು ಜಿಂಕೆ ಎಂದು ಬಂತು. ಯಾನ್‌ನದು ನಾಯಿ. ಅವನು ಅದನ್ನು ಚೌಕಟ್ಟು ಹಾಕಿಸಿದ. ಆ ಪಟ್ಟಿಯಲ್ಲಿ ಇಲ್ಲದ್ದು ಮೇಡಮ್ಮಿನ ಹೆಸರೊಂದೇ.

ಕೊನೆಗೆ ಒಂದು ದಿನ ಗ್ವಾಟೆಮಾಲಕ್ಕೆ ಹೋಗುತ್ತೇನೆ ಎಂದರು. ಆ ದೇಶದಲ್ಲಿ ಮೂವತ್ತಾರು ವರ್ಷದ ಒಳಯುದ್ಧ ಮುಗಿದು ಎರಡು ವರ್ಷವಾಗಿತ್ತಷ್ಟೆ. "ಒಬ್ಳೇ ಹೋಗ್ಬಹುದು, ಆದ್ರೆ ನೀನು ಬಾ. ಪ್ಯಾರಿಸ್ಸಿಗೆ ಹೋಗಿ ಕಬ್ಬಿಣದ ಗೋಪುರ ಹತ್ತಿ ಏನು ಕಡಿದು ಹಾಕ್ತೀಯಾ?" ನಾನು ಯಾಕೆ ಒಪ್ಪಿದೆನೋ. ಒಪ್ಪಿದ ಮರುದಿನವೇ ಎರಡು ಹಾಳೆಯ ಪ್ರಿಂಟೌಟ್ ಕೈಗೆ ಬಂತು. ಪವಿತ್ರ ಸ್ಥಳಗಳಲ್ಲಿ ಪ್ರವಾಸಿಗರು ಪಾಲಿಸಬೇಕಾದ ಹದಿಮೂರು ನಿಯಮಗಳು, ಮೇಡಂ ತಾವೇ ಬರೆದದ್ದು. ಹನ್ನೆರಡಕ್ಕೇ ಮುಗಿದಿದ್ದವು, ಮಾಯಾ ಲೆಕ್ಕಕ್ಕೆ ಇನ್ನೊಂದು ಸೇರಿಸಿದ್ದು ಸ್ಪಷ್ಟವಾಗಿತ್ತು, ಹದಿಮೂರನೆಯದು "ಮೇಲಿನ ಹನ್ನೆರಡನ್ನೂ ಪಾಲಿಸತಕ್ಕದ್ದು."

ಮೆಟ್ಟಿಲು ಹತ್ತಬಾರದು, ಹತ್ತಲು ಬಿಟ್ಟಿದ್ದರೂ. ಒಂದು ಕಲ್ಲುಚೂರನ್ನೂ ಜೇಬಿಗೆ ಹಾಕಬಾರದು. ಪೂಜೆ ನಡೆಯುತ್ತಿದ್ದರೆ ಐವತ್ತು ಹೆಜ್ಜೆ ದೂರ ನಿಲ್ಲತಕ್ಕದ್ದು. ಮಾತಾಡಬಾರದು. ಕ್ಯಾಮೆರಾ ಚೀಲದಲ್ಲೇ ಇರತಕ್ಕದ್ದು. ನಮ್ಮ ಊರಿನ ದೇವಸ್ಥಾನದಲ್ಲಿ ಹೀಗಲ್ಲ ಹಾಗೆ ಎಂದು ಹೋಲಿಸಬಾರದು. ನಾನು ಓದಿ, "ಮೇಡಂ, ತುಮಕೂರಿನ ಹತ್ರ ನಮ್ಮಜ್ಜಿ ಹೋಗೋ ದರ್ಗಾಕ್ಕೆ ಅರ್ಧಕ್ಕರ್ಧ ಹಿಂದೂಗಳೇ ಬರ್ತಾರೆ. ಯಾರ ಕೈಲೂ ಇಷ್ಟುದ್ದ ಲಿಸ್ಟ್ ಇರಲ್ಲ. ತಲೆ ಮೇಲೆ ಬಟ್ಟೆ ಹಾಕ್ಕೊಂಡು ಒಳಗೆ ಬರ್ತಾರೆ ಅಷ್ಟೆ" ಎಂದೆ. "ಎಂಟನೇ ನಿಯಮ ಈಗಲೇ ಮುರಿದೆ" ಎಂದರು. ಎಂಟನೆಯದೇ ಹೋಲಿಕೆಯ ನಿಯಮ.

ಹೊರಡುವ ಮುಂಚಿನ ವಾರ ಮೈಸೂರಿನಿಂದ ಅವರ ತಮ್ಮ ಫೋನು ಮಾಡಿದ್ದರು. ತಮ್ಮನ ಮಗಳು ಶುಭಾಳಿಗೆ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗ ಟಿಲ್‌ಬರ್ಗಿನಲ್ಲಿ ಸರಕು ಸಾಗಣೆಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ. ತಂದೆ ತಾಯಿಯೂ ಮೂರು ತಿಂಗಳ ಮಟ್ಟಿಗೆ ಅಲ್ಲೇ ಇದ್ದರು. ಎಲ್ಲ ಒಪ್ಪಿಗೆ, ಆದರೆ ಶುಭಾ ಹುಟ್ಟಿದ್ದು ಮೂಲಾ ನಕ್ಷತ್ರದ ಕೊನೆಯಲ್ಲಿ. ಮೂಲಾ ನಕ್ಷತ್ರದ ಸೊಸೆ ಮಾವನಿಗೆ ಆಗುವುದಿಲ್ಲವೆಂದು ನಂಬುವವರು ಇನ್ನೂ ಬೇಕಾದಷ್ಟು ಮಂದಿ. ಹುಟ್ಟಿದ ಗಳಿಗೆಯನ್ನು ಎರಡು ಗಂಟೆ ಮುಂದಕ್ಕೆ ಹಾಕಿದರೆ ನಕ್ಷತ್ರ ಬದಲಾಗುತ್ತಿತ್ತು. ಆ ಕಾಲದಲ್ಲಿ ಕಂಪ್ಯೂಟರಿನಲ್ಲಿ ತೆಗೆದ ಜಾತಕವೆಂದರೆ ದೇವರೇ ಸಹಿ ಹಾಕಿದಷ್ಟು ನಂಬಿಕೆ. "ಅಕ್ಕ, ನೀನೇ ಒಂದು ಒಳ್ಳೇ ಜಾತಕ ಪ್ರಿಂಟ್ ತೆಗೆದು, ನೀನೇ ಹೋಗಿ ಅವ್ರ ಕೈಲಿ ಕೊಟ್ಟು ಬಂದ್ಬಿಡು" ಎಂದು ತಮ್ಮ ಕೇಳಿಕೊಂಡಿದ್ದರು.

ಮೇಡಂ ಅದನ್ನು ನನಗೆ ಹೇಳಿ, "ಇಡೀ ದಿನ ತಾರೀಖು ತಿದ್ದೋದೇ ಕೆಲಸ. ಇದೊಂದು ಓವರ್‌ಟೈಮು" ಎಂದರು. ನನ್ನ ಲ್ಯಾಪ್‌ಟಾಪಿನಲ್ಲೇ ಜಾತಕ ಸಿದ್ಧವಾಯಿತು. ಒಳ್ಳೆಯ ದಪ್ಪ ಕಾಗದದ ಮೇಲೆ ಮುದ್ರಿಸಿ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದರು. ಪ್ರವಾಸ ಮುಗಿಸಿ ಬಂದ ಮೇಲೆ ಟಿಲ್‌ಬರ್ಗಿಗೆ ಹೋಗುವುದೆಂದು ನಿಶ್ಚಯವಾಯಿತು.

ಗ್ವಾಟೆಮಾಲದಲ್ಲಿ ಮೇಡಂ ಆರಿಸಿಕೊಂಡದ್ದು ಚಿತ್ರಪುಸ್ತಕಗಳ ಎತ್ತರದ ಗುಡಿಗಳನ್ನಲ್ಲ. ಬೆಟ್ಟಸೀಮೆಯಲ್ಲಿ, ಕ್ವಿಚೆ ಮಾಯಾ ಜನರ ಹಳೆಯ ರಾಜಧಾನಿ ಇದ್ದ ಜಾಗ. ಸ್ಪೇನಿನವರು ಸುಟ್ಟು ಹಾಕಿದ ಮೇಲೆ ಉಳಿದಿರುವುದು ಹುಲ್ಲು ಮುಚ್ಚಿದ ದಿಬ್ಬಗಳು, ಪೈನ್ ಮರಗಳು, ಮತ್ತು ದಿಬ್ಬದ ಕೆಳಗೆ ಮಸಿ ಹಿಡಿದು ಕಪ್ಪಾದ ಒಂದು ಸುರಂಗ. ಅಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ನಮ್ಮನ್ನು ಕರೆದುಕೊಂಡು ಹೋದವರು ಆ ಊರಿನ ಶಾಲಾ ಮೇಷ್ಟರು. ಅವರೂ ಕ್ವಿಚೆಯವರೇ, ಇಂಗ್ಲಿಷ್ ಬಲ್ಲವರು.

ನಾವು ಹೋದಾಗ ಸುರಂಗದ ಬಾಯಲ್ಲಿ ಒಂದು ಕುಟುಂಬ ಬೆಂಕಿಯ ಸುತ್ತ ಕೂತಿತ್ತು. ನೆಲದ ಮೇಲೆ ಸಕ್ಕರೆಯಿಂದ ಬರೆದ ವೃತ್ತ, ಅದರೊಳಗೆ ಬಣ್ಣಬಣ್ಣದ ಮೇಣದ ಬತ್ತಿ, ಧೂಪದ ಉಂಡೆ, ಎಳ್ಳು, ಚಾಕೊಲೇಟು. ನಡುವೆ ಕೂತ ಎಪ್ಪತ್ತರ ಅಜ್ಜಿ ದಿನಗಳನ್ನು ಎಣಿಸುವಾಕೆ; ಇಪ್ಪತ್ತು ದಿನಗಳ ಹೆಸರನ್ನು ಒಂದೊಂದಾಗಿ ಕರೆದು ಬೆಂಕಿಗೆ ಅರ್ಪಿಸುವುದು ಆಕೆಯ ಕೆಲಸ. ಮೇಡಂ ನಿಯಮದ ಪ್ರಕಾರ ಐವತ್ತು ಹೆಜ್ಜೆ ಎಣಿಸಿ, ಒಂದು ಪೈನ್ ಮರದ ಕೆಳಗೆ ನನ್ನನ್ನು ನಿಲ್ಲಿಸಿ, ತಾವೂ ಕೈಕಟ್ಟಿ ನಿಂತರು. ಕೆಮ್ಮು ಬಂದರೆ ಸೆರಗು ಬಾಯಿಗೆ ಒತ್ತಿಕೊಂಡರು. ಅತ್ತ ಪೂಜೆಯಲ್ಲಿ ಮೌನವೇನೂ ಇರಲಿಲ್ಲ. ಮಗುವೊಂದು ಅಳುತ್ತಿತ್ತು, ಒಬ್ಬ ಪಟಾಕಿ ಹಚ್ಚಿದ, ಇಬ್ಬರು ಹೆಂಗಸರು ಏನೋ ಹೇಳಿಕೊಂಡು ನಗುತ್ತಿದ್ದರು, ನಾಯಿ ಬಂದು ಪ್ರಸಾದಕ್ಕೆ ಬಾಯಿ ಹಾಕಿ ಏಟು ತಿಂದಿತು. ಆ ಗುಡ್ಡದ ಮೇಲೆ ಉಸಿರು ಬಿಗಿಹಿಡಿದಿದ್ದವರು ನಾವಿಬ್ಬರೇ.

ಇಪ್ಪತ್ತು ನಿಮಿಷವಾದ ಮೇಲೆ ಅಜ್ಜಿ ಮೇಷ್ಟರನ್ನು ಕರೆದು ನಮ್ಮ ಕಡೆ ಗದ್ದ ತೋರಿಸಿ ಏನೋ ಕೇಳಿದಳು. ಮೇಷ್ಟರು ನಮ್ಮ ಹತ್ತಿರ ಬಂದರು.

"ಅಜ್ಜಿ ಕೇಳ್ತಿದಾರೆ, ಅವರಿಬ್ಬರು ಯಾರ ಕಡೆಯವರು ಅಂತ."

"ಯಾರ ಕಡೆ ಅಂದ್ರೆ?" ಎಂದರು ಮೇಡಂ.

"ಯುದ್ಧದ ಕಾಲದಲ್ಲಿ ಪೂಜೆಗೆ ಬಂದೋರನ್ನ ಹೀಗೇ ದೂರ ನಿಂತು, ಮಾತಾಡದೆ ನೋಡೋ ಸೈನ್ಯದ ಕಡೆಯೋರು ಇದ್ರು ಮೇಡಂ. ಆಮೇಲೆ ಹೆಸರು ಬರ್ಕೊಂಡು ಹೋಗ್ತಿದ್ರು. ಅಜ್ಜಿಯ ಅಣ್ಣನ್ನ ಹಾಗೇ ಕರ್ಕೊಂಡು ಹೋದದ್ದು. ವಾಪಸ್ ಬರ್ಲಿಲ್ಲ."

ಮೇಡಮ್ಮಿನ ಮುಖ ಆವತ್ತಿನಷ್ಟು ಬಿಳುಚಿಕೊಂಡದ್ದನ್ನು ನಾನು ಮತ್ತೆ ನೋಡಲಿಲ್ಲ. ಕಟ್ಟಿಕೊಂಡ ಕೈ ಬಿಚ್ಚಿದರು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನ ತುದಿ ಹಿಡಿದುಕೊಂಡರು. "ಅಯ್ಯೋ ದೇವರೇ... ನಾನು ಮರ್ಯಾದೆ ಅಂದ್ಕೊಂಡು..." ಎಂದವರು ಮಾತು ಮುಗಿಸದೆ ಐವತ್ತು ಹೆಜ್ಜೆಯನ್ನೂ ದುಡುದುಡು ನಡೆದು ಅಜ್ಜಿಯ ಮುಂದೆ ಹೋಗಿ ಕೈಮುಗಿದರು. ನಾನು ಕರವಸ್ತ್ರ ತೆಗೆದು ತಲೆಗೆ ಕಟ್ಟಿಕೊಂಡು ಹಿಂದೆಯೇ ಹೋದೆ. ಅಜ್ಜಿ ನನ್ನ ತಲೆ ನೋಡಿ ನಕ್ಕು, ಪಕ್ಕದವಳನ್ನು ಸರಿಸಿ ಜಾಗ ಮಾಡಿಕೊಟ್ಟಳು. ಅಲ್ಲಿದ್ದ ಗಂಡಸರೂ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದರು.

ಕೂತ ಮೇಲೆ ಒಂದೊಂದು ಮೇಣದ ಬತ್ತಿ ಕೈಗೆ ಬಂತು. ಯಾರು, ಎಲ್ಲಿಯವರು, ಮಕ್ಕಳೆಷ್ಟು, ಊರಲ್ಲಿ ಜೋಳ ಬೆಳೆಯುತ್ತೀರಾ, ಎಲ್ಲ ವಿಚಾರಣೆಯಾಯಿತು. ಆಮೇಲೆ ಹುಟ್ಟಿದ ದಿನ. ಅವರವರ ದಿನದ ಹೆಸರು ಬಂದಾಗ ಅವರವರು ಬತ್ತಿಯನ್ನು ಬೆಂಕಿಗೆ ಹಾಕಬೇಕು. ನಾನು ನನ್ನದು ಹೇಳಿದೆ. ಮೇಡಂ ಪಾಸ್‌ಪೋರ್ಟಿನಲ್ಲಿದ್ದ ತಾರೀಖನ್ನು ಥಟ್ಟನೆ ಹೇಳಿದರು, ಹೆಮೆಂಟೆಯ ಕೌಂಟರಿನಲ್ಲಿ ಹೇಳಿದ ಹಾಗೆಯೇ. ಅಜ್ಜಿ ಚೀಲದಿಂದ ಒಂದು ಪುಸ್ತಕ ತೆಗೆದಳು. ಮೂಲೆ ಮಡಿಸಿದ, ಬೆಂಕಿಯ ಕಿಡಿಗೆ ತೂತು ಬಿದ್ದ ಅಚ್ಚಿನ ಪಂಚಾಂಗ. ಬೆರಳು ನೆಕ್ಕಿ ಹಾಳೆ ತಿರುಗಿಸತೊಡಗಿದಳು.

"ಇಲ್ಲ" ಎಂದರು ಮೇಡಂ. "ಇಲ್ಲ, ತಪ್ಪು. ಅದಲ್ಲ ಅಂತ ಹೇಳಿ ಮೇಷ್ಟ್ರೆ."

ಮೇಷ್ಟರು ಹೇಳಿದರು. ಅಜ್ಜಿ ಬೆರಳನ್ನು ಪುಸ್ತಕದಲ್ಲೇ ಇಟ್ಟುಕೊಂಡು ಕಾದಳು. ಮೇಡಂ ಬೇರೊಂದು ತಾರೀಖು ಹೇಳಿದರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಅಜ್ಜಿ ಹುಡುಕಿ ಮುಗಿಸುವ ಮೊದಲೇ ಮೇಡಂ ತಾವೇ ಆ ದಿನದ ಮಾಯಾ ಹೆಸರನ್ನೂ ಹೇಳಿಬಿಟ್ಟರು: "ಕಾತ್." ಅಂದರೆ ಬಲೆ. ನಮ್ಮೆಲ್ಲರದನ್ನೂ ತೆಗೆದ ದಿನವೇ ಗುಟ್ಟಾಗಿ ತಮ್ಮದನ್ನೂ ತೆಗೆದು ನೋಡಿಕೊಂಡಿದ್ದರು.

ಅಜ್ಜಿ ತೊಡೆ ತಟ್ಟಿ ಸಂತೋಷಪಟ್ಟಳು. ಪುಸ್ತಕ ಮುಚ್ಚಿ ಮೇಡಮ್ಮಿನ ಮುಖವನ್ನು ಚೆನ್ನಾಗಿ ನೋಡಿದಳು.

"ಬಲೆಯ ದಿನ ಕಷ್ಟದ ದಿನ, ಸಿಕ್ಕು ಜಾಸ್ತಿ ಅಂತಿದಾರೆ" ಎಂದು ಮೇಷ್ಟರು ಅನುವಾದಿಸಿದರು. "ಗಂಡ ಇದ್ದಾನಾ ಅಂತ ಕೇಳ್ತಿದಾರೆ."

"ಇಲ್ಲ."

ಅಜ್ಜಿ ಗೊತ್ತಿದ್ದ ವಿಷಯವೆಂಬಂತೆ ತಲೆಯಾಡಿಸಿ ಒಂದೇ ಮಾತು ಹೇಳಿದಳು. ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮೇಷ್ಟರು ಮಾತ್ರ ಅದನ್ನು ಹೇಗೆ ಹೇಳುವುದೆಂದು ಒದ್ದಾಡಿದರು. "ಬಲೆಯ ದಿನದ ಹೆಂಗಸರಿಗೆ ಗಂಡ ಉಳಿಯೋದು ಕಷ್ಟ, ತನ್ನ ದಿನವೂ ಅದೇ, ತನಗೂ ಇಬ್ಬರು ಓಡಿಹೋದರು ಅಂತಿದಾರೆ."

ಮೇಡಂ ಒಂದು ಕ್ಷಣ ಕಣ್ಣು ಬಿಟ್ಟುಕೊಂಡು ಕೂತರು. ಆಮೇಲೆ ಅವರಿಗೆ ನಗು ಬಂತು ನೋಡಿ. ಆಫೀಸಿನಲ್ಲಿ ನಗುತ್ತಿದ್ದ ಒಣ ನಗು ಅಲ್ಲ. ಹೊಟ್ಟೆ ಹಿಡಿದುಕೊಂಡು, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕರು. "ಅಲ್ಲಾ ಸಲೀಂ, ಮೈಸೂರಲ್ಲಿ ಹೇಳಿದ್ದನ್ನೇ ಹೇಳಿಸ್ಕೊಳಕ್ಕೆ ಇಷ್ಟು ದೂರ ಬಂದ್ನಲ್ಲೋ!" ಅಜ್ಜಿ ಅವರ ಬೆನ್ನಿನ ಮೇಲೆ ಕೈಯಾಡಿಸಿದಳು. ಬಲೆಯ ದಿನ ಬಂದಾಗ ಇಬ್ಬರೂ ಒಟ್ಟಿಗೇ ಬತ್ತಿ ಹಾಕಿದರು.

ಬೆಟ್ಟ ಇಳಿಯುವ ಬಸ್ಸಿನಲ್ಲಿ ಮೇಡಂ ತಾವಾಗಿಯೇ ಹೇಳಿದರು. ಅವರೂ ಮೂಲಾ ನಕ್ಷತ್ರದವರೇ. ಮುಂದೆ ಮದುವೆಗೆ ತೊಂದರೆಯಾಗಬಾರದೆಂದು ಅಪ್ಪ ಶಾಲೆಗೆ ಸೇರಿಸುವಾಗಲೇ ತಾರೀಖು ಬದಲಾಯಿಸಿ, ಅದಕ್ಕೆ ಹೊಂದುವ ಜಾತಕ ಬರೆಸಿದ್ದರು. ಇಪ್ಪತ್ತೆರಡನೇ ವಯಸ್ಸಿಗೆ ಒಂದು ಸಂಬಂಧ ನಿಶ್ಚಯವಾಗಿ, ಲಗ್ನಪತ್ರಿಕೆಯೂ ಅಚ್ಚಾದ ಮೇಲೆ, ದೂರದ ಸಂಬಂಧದ ಅಜ್ಜಿಯೊಬ್ಬರು ಬಾಣಂತನದ ನೆನಪು ಹೇಳುತ್ತ ಕೂತು ನಿಜವಾದ ದಿನವನ್ನು ಬಾಯಿಬಿಟ್ಟರು.

"ಹುಡುಗನ ಅಪ್ಪ ಮನೆಗೆ ಬಂದು ಏನಂದ್ರು ಗೊತ್ತಾ? ನಕ್ಷತ್ರ ನಾವು ಅಷ್ಟು ನೋಡಲ್ಲ ಸ್ವಾಮಿ, ಹೇಳಿದ್ರೆ ಒಪ್ತಿದ್ವೇನೋ. ಸುಳ್ಳು ಹೇಳಿದ ಮನೆಯಿಂದ ಹೆಣ್ಣು ತರೋದು ಹೇಗೆ ಅಂದ್ರು. ನಮ್ಮಪ್ಪ ತಲೆ ತಗ್ಗಿಸ್ಕೊಂಡು ಕೂತಿದ್ರು. ನಾನು ಬಾಗಿಲ ಹಿಂದೆ ನಿಂತಿದ್ದೆ."

"ಹಾಗಾದ್ರೆ ಅಲ್ಲಿ ಬೆಂಕಿ ಮುಂದೆ ಯಾಕೆ ನಿಜ ಹೇಳಿದ್ರಿ ಮೇಡಂ? ಯಾರಿಗೆ ಗೊತ್ತಾಗ್ತಿತ್ತು?"

"ಅದು ಫಾರ್ಮಿಗೆ ಹಾಕೋ ಡೇಟಲ್ಲ ಕಣೋ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಆಯಮ್ಮನ ಅಣ್ಣನ ಸುದ್ದಿ ಕೇಳಿದ ಮೇಲೂ ಸುಳ್ಳು ಹೇಳೋದಾ?" ಎಂದು ಕಿಟಕಿಯ ಕಡೆ ತಿರುಗಿಕೊಂಡರು.

ಜೂಟರ್‌ಮೀರಿಗೆ ವಾಪಸಾದ ಮೇಲೆ ಖಾನೆಯಿಂದ ಜಾತಕ ತೆಗೆದರು. ಅದನ್ನು ಹರಿದು ಹಾಕಿ, ನಿಜವಾದ ಗಳಿಗೆಯ ಇನ್ನೊಂದು ಪ್ರಿಂಟ್ ತೆಗೆದರು. ಅದೇ ದಪ್ಪ ಕಾಗದ. ತಮ್ಮನಿಗೆ ತಿಳಿಸಲಿಲ್ಲ. ಶನಿವಾರ ನನ್ನನ್ನೂ ಕರೆದುಕೊಂಡು ಟಿಲ್‌ಬರ್ಗಿನ ರೈಲು ಹತ್ತಿದರು.

ಹುಡುಗನ ಮನೆಯಲ್ಲಿ ತಾಯಿ ಉಪ್ಪಿಟ್ಟು ಮಾಡಿದ್ದರು. ಹುಡುಗ ನನ್ನ ವಯಸ್ಸಿನವನೇ, ನಾಚಿಕೆಯವನು, ನಮ್ಮ ಕೋಟುಗಳನ್ನು ತಾನೇ ತೆಗೆದು ನೇತುಹಾಕಿದ. ಕಾಫಿಯಾದ ಮೇಲೆ ಮೇಡಂ ಕಾಗದವನ್ನು ಅವನ ತಂದೆಯ ಮುಂದಿಟ್ಟು ಹೇಳಿದರು:

"ಹುಡುಗಿ ಮೂಲಾ ನಕ್ಷತ್ರ. ಬೇರೆ ಬರೆದು ತರೋದಕ್ಕೂ ಆಗ್ತಿತ್ತು. ತರಲಿಲ್ಲ. ಶುಭಾ ಚಿನ್ನದಂಥ ಹುಡುಗಿ. ಒಪ್ಪಿದ್ರೆ ಹೀಗೇ ಒಪ್ಕೊಳಿ."

ತಂದೆ ಕನ್ನಡಕ ಹಾಕಿಕೊಂಡು ಕಾಗದವನ್ನು ಓದಿದರು. ಮೇಡಂ ಅಪೇಕ್ಷಿಸಿದ್ದೇನೆಂದು ನನಗೆ ಗೊತ್ತಿತ್ತು. ಮೂವತ್ತು ಚಿಲ್ಲರೆ ವರ್ಷದ ಹಿಂದೆ ಒಬ್ಬ ತಂದೆ ಆಡಿದ ಮಾತನ್ನು ಈ ತಂದೆ ನಿಜ ಮಾಡಿ ತೋರಿಸಬೇಕಾಗಿತ್ತು.

"ನೀವು ಹೇಳಿದ್ದು ತುಂಬ ದೊಡ್ಡತನ" ಎಂದರು ತಂದೆ.

"ನಾವೇನು ಅದನ್ನೆಲ್ಲ ನಂಬಲ್ಲಪ್ಪ" ಎಂದರು ತಾಯಿ. "ಆದ್ರೆ ಇವ್ರಿಗೆ ಹೋದ ವರ್ಷ ತಾನೇ ಹಾರ್ಟ್ ಆಪರೇಷನ್ ಆಗಿರೋದು. ಗೊತ್ತಿಲ್ದೆ ಇದ್ದಿದ್ರೆ ಆ ಮಾತು ಬೇರೆ. ಗೊತ್ತಾದ ಮೇಲೆ ಮನಸ್ಸು ಕೇಳ್ಬೇಕಲ್ಲ."

ಹುಡುಗ ತಾಯಿಯ ಮುಖ ನೋಡಿದ, ಮೇಡಂ ಮುಖ ನೋಡಿದ, ಎದ್ದು ಅಡುಗೆಮನೆಗೆ ಹೋದ. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸಿತು. ನಾವು ಹೊರಟಾಗ ಕೋಟು ಕೊಡಲು ಅವನು ಬರಲಿಲ್ಲ.

ರೈಲಿನಲ್ಲಿ ಮೇಡಂ ನೆಟ್ಟಗೆ ಕೂತಿದ್ದರು. "ನಿಜ ಹೇಳಿದ್ದಾಯ್ತು" ಎಂದು ಎರಡು ಸಲ ಅಂದರು. ಸಂಬಂಧ ಮುರಿಯಿತೆಂದು ಮೈಸೂರಿನ ತಮ್ಮ ಫೋನಿನಲ್ಲಿ ಬೈದದ್ದು, ಆಮೇಲೆ ಫೋನನ್ನೇ ನಿಲ್ಲಿಸಿದ್ದು, ಇದನ್ನೆಲ್ಲ ಅವರು ನಿರೀಕ್ಷಿಸಿದ್ದರು. ನಿರೀಕ್ಷಿಸದೇ ಇದ್ದದ್ದು ಇನ್ನೊಂದಿತ್ತು. ಶುಭಾ ಮತ್ತು ಆ ಹುಡುಗ ಮೂರು ತಿಂಗಳಿಂದ ಈಮೇಲಿನಲ್ಲಿ ದಿನಾ ಬರೆದುಕೊಳ್ಳುತ್ತಿದ್ದರು. ಅದು ಮೇಡಮ್ಮಿಗೆ ತಿಳಿದದ್ದು ಶುಭಾ ಅವರಿಗೆ ಬರೆದ ಒಂದೇ ಸಾಲಿನ ಈಮೇಲಿನಿಂದ. ಆ ಸಾಲನ್ನು ಅವರು ನನಗೆ ತೋರಿಸಲಿಲ್ಲ. ಆ ವಾರ ಆಫೀಸಿನಲ್ಲಿ ಒಂದು ಸಾವಿರ ಸಾಲಿನ ಪ್ರೋಗ್ರಾಮಿನಲ್ಲಿ ವರ್ಷಕ್ಕೆ ನಾಲ್ಕರ ಬದಲು ಐದು ಅಂಕಿ ಹಾಕಿದ್ದರು. ನಾನು ಸುಮ್ಮನೆ ಸರಿಪಡಿಸಿದೆ.

ಎರಡು ಸಾವಿರನೇ ಇಸವಿ ಯಾವ ಗದ್ದಲವೂ ಇಲ್ಲದೆ ಬಂತು. ಏನೂ ಕೆಡಲಿಲ್ಲವಾದ್ದರಿಂದ ನಾವು ಕೆಲಸ ಮಾಡಿದ್ದೆವೋ ಇಲ್ಲವೋ ಎಂದು ಯಾನ್‌ನ ಮೇಲಿನವರು ಅನುಮಾನಪಟ್ಟರು. ಫೆಬ್ರವರಿಯಲ್ಲಿ ಮೇಡಂ ಮೈಸೂರಿಗೆ ಹೊರಟುಹೋದರು. ನಾನು ಇಲ್ಲೇ ಉಳಿದೆ. ವರ್ಷಕ್ಕೊಂದು ಫೋನು, ಈದ್ ದಿನ, ಅವರೇ ಮಾಡುತ್ತಿದ್ದರು. ಶುಭಾಳ ಹೆಸರು ಎತ್ತುತ್ತಿರಲಿಲ್ಲ. ನಾನೂ ಕೇಳಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಹೇಳಲು ಫೋನು ಮಾಡಿದ್ದು ಶುಭಾ. ಅವಳ ದನಿಯನ್ನು ಕೇಳಿದ್ದು ಅದೇ ಮೊದಲು. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು; ಮನೆಯದೋ, ಯಾವುದಾದರೂ ಶಾಲೆಯದೋ, ಕೇಳುವುದು ಸರಿಯೆನಿಸಲಿಲ್ಲ. ಕೊನೆಯ ಎರಡು ವರ್ಷ ಅತ್ತೆ ತನ್ನ ಜೊತೆಗೇ ಇದ್ದರೆಂದು ಹೇಳಿದಳು.

"ನೀವೂ ಇದ್ರಂತಲ್ಲ ಅವತ್ತು ಟಿಲ್‌ಬರ್ಗಲ್ಲಿ" ಎಂದಳು.

"ಇದ್ದೆ. ನಾನಾದ್ರೂ ತಡೀಬಹುದಿತ್ತೇನೋ."

"ಅತ್ತೇನಾ? ನೀವಾ?" ಎಂದು ನಕ್ಕಳು. ಆಮೇಲೆ ಹೇಳಿದಳು. "ಆರು ವರ್ಷ ಮಾತಾಡಿಸ್ಲಿಲ್ಲ ನಾನು. ನಿಜ ಹೇಳಿದ್ರು ಅಂತ ಅಲ್ಲ. ನಾನೇ ಆ ಹುಡುಗನಿಗೆ ಹೇಳೋಳಿದ್ದೆ, ಬರೆದೂ ಇಟ್ಟಿದ್ದೆ. ನನ್ನ ನಕ್ಷತ್ರ, ನನ್ನ ಮದುವೆ. ಅತ್ತೆ ಅಷ್ಟು ದೂರ ಹೋಗಿ ಅಷ್ಟೆಲ್ಲ ನೋಡ್ಕೊಂಡು ಬಂದು, ನನಗೊಂದು ಫೋನು ಮಾಡಲಿಲ್ಲ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಒಂದಿನ ಬೆಳಿಗ್ಗೆ ಮನೆಗೆ ಬಂದ್ರು" ಎಂದು ಅವಳೇ ಮುಂದುವರಿಸಿದಳು. "ಬಾಗಿಲಲ್ಲೇ ನಿಂತ್ಕೊಂಡು, 'ನಿನ್ನನ್ನ ಕೇಳ್ಬೇಕಿತ್ತು ಕಣೆ' ಅಂದ್ರು. ಅಷ್ಟೇ. ಕಾರಣ ಗೀರಣ ಏನೂ ಹೇಳ್ಲಿಲ್ಲ. ನಾನೂ ಪರವಾಗಿಲ್ಲ ಅತ್ತೆ ಅನ್ನಲಿಲ್ಲ. 'ಹೌದು, ಕೇಳ್ಬೇಕಿತ್ತು' ಅಂದೆ."

"ಆಮೇಲೆ?"

"ಆಮೇಲೇನು, ಕಾವಲಿ ಕಾದಿತ್ತು. ದೋಸೆ ಹುಯ್ದೆ. ನಾಲ್ಕು ತಿಂದ್ರು."